ಬ್ಯಾಂಡಿನವರಿಗೆ ಕುರ್ಚಿ

ಹೋದ ಭಾನುವಾರ ಬೆಳಿಗ್ಗೆ, ಕುಣಿಗಲ್‌ನಲ್ಲಿ ನಾನು ಬಾಡಿಗೆಗಿರುವ ಮನೆಯ ಹಿತ್ತಲಲ್ಲಿ ಮನೆಯೊಡತಿ ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ನಾನು ಒಳಗೆ ದಿನಚರಿ ಬರೆಯುತ್ತಿದ್ದೆ. ತಾರೀಖು ಹಾಕಿ, ಆ ವಾರ ಅಮೃತೂರಿನ ಶಾಲೆಗೆ ಎಷ್ಟು ದಿನ ಬಸ್ಸು ತಡವಾಯಿತು, ಎಷ್ಟು ಉತ್ತರಪತ್ರಿಕೆ ತಿದ್ದಿದೆ ಎಂದು ಬರೆದು ಮುಂದಿನ ಸಾಲಿಗೆ ಹೋಗುವಾಗ ಆ ವಾಸನೆ ಕಿಟಕಿ ದಾಟಿ ಬಂತು. ಹುಳಿ, ಒದ್ದೆ ಲೋಹ... ಬೇರೆಯವರಿಗೆ ಅದು ಬಿಂದಿಗೆಯ ವಾಸನೆ. ನನಗೆ ಟ್ರಂಪೆಟ್ಟಿನದು.

ತುಮಕೂರಿನ ಮಂಡಿಪೇಟೆಯ ಹಿಂದಿನ ಬೀದಿಯಲ್ಲಿ ನಮ್ಮ ಅಪ್ಪನ ರೇಡಿಯೋ ರಿಪೇರಿ ಅಂಗಡಿ ಇತ್ತು. ಮದುವೆ ಮುಂಜಿಗಳಿಗೆ ಮೈಕ್ ಸೆಟ್ಟನ್ನೂ ಬಾಡಿಗೆಗೆ ಕೊಡುತ್ತಿದ್ದರು. ಎದುರು ಸಾಲಿನಲ್ಲಿ, ಮೂರು ಮೆಟ್ಟಿಲಿನ ಹೆಂಚಿನ ಮನೆಯಲ್ಲಿ ಬ್ಯಾಂಡ್ ಮೇಷ್ಟ್ರು ಇದ್ದರು. ಬೀದಿಯ ಹಿಂದೂಗಳೂ ಸಾಬರೂ ಅವರನ್ನು ಕರೆಯುತ್ತಿದ್ದುದು ಮೇಷ್ಟ್ರು ಎಂದೇ. ಮದುವೆಯ ಹಿಂದಿನ ದಿನ ಅವರ ಜಗಲಿಯ ಮೇಲೆ ತುತ್ತೂರಿಗಳೆಲ್ಲ ಸಾಲಾಗಿ ಕೂರುತ್ತಿದ್ದವು. ಮೇಷ್ಟ್ರು ಪ್ಯಾಂಟು ಮೊಣಕಾಲಿಗೆ ಮಡಚಿ, ಹುಣಸೆಹಣ್ಣು ಹಚ್ಚಿ, ಒಂದೊಂದನ್ನೂ ಕೂಸಿಗೆ ಎರೆದ ಹಾಗೆ ತೊಳೆಯುತ್ತಿದ್ದರು. ಮೈಕ್ ಸೆಟ್ ಬಂದ ಮೇಲೆ ಬ್ಯಾಂಡಿನವರನ್ನು ಕರೆಯುವುದು ಕಡಿಮೆಯಾಗಿತ್ತು. ಆದರೂ ಅಪ್ಪನಿಗೂ ಮೇಷ್ಟ್ರಿಗೂ ಮನಸ್ತಾಪ ಇದ್ದದ್ದನ್ನು ನಾನು ಕಾಣೆ. ಅಪ್ಪ ಮಾತ್ರ ಕೆಣಕುವಾಗ ಸಾಬ್ರೇ ಎನ್ನುತ್ತಿದ್ದರು: "ಸಾಬ್ರೇ, ನಮ್ ಹಾರ್ನ್‌ಗೆ ಒಂದು ಕರೆಂಟ್ ವೈರು ಸಾಕು. ನಿಮ್ ಹನ್ನೆರಡು ಜನಕ್ಕೂ ಊಟ ಹಾಕ್ಬೇಕು." ಮೇಷ್ಟ್ರು ಬಗ್ಗಿದ ತಲೆ ಎತ್ತದೆ ಹೇಳುತ್ತಿದ್ದರು: "ಕರೆಂಟ್ ಹೋದಾಗ ಬಂದು ಕರೀತೀರಲ್ಲ ಅಣ್ಣ, ಆವಾಗ ಮಾತಾಡೋಣ."

ನಾನು ಪಿಯುಸಿಯಲ್ಲಿದ್ದ ವರ್ಷ ಅಪ್ಪ ಬೆಂಗಳೂರಿನಿಂದ ಹಳೆಯ ರೆಕಾರ್ಡುಗಳ ಒಂದು ಕಟ್ಟು ತಂದರು. ಸಿನಿಮಾ ಹಾಡುಗಳ ನಡುವೆ ಹಾಡೇ ಇಲ್ಲದ ದೊಡ್ಡ ರೆಕಾರ್ಡೊಂದು ಸೇರಿಕೊಂಡು ಬಂದಿತ್ತು. ಫ್ರಾನ್ಸ್ ದೇಶದ ವಾದ್ಯವೃಂದವೊಂದರದು. ಮದುವೆ ಮನೆಯಲ್ಲಿ ಅದನ್ನು ಯಾರು ಕೇಳುತ್ತಾರೆ ಎಂದು ಅಪ್ಪ ಕಪಾಟಿನ ಮೇಲೆ ಎಸೆದಿದ್ದರು. ಒಂದು ಮಧ್ಯಾಹ್ನ, ರಿಪೇರಿಗೆ ಬಂದ ಪ್ಲೇಯರನ್ನು ಪರೀಕ್ಷಿಸಲು ಕೈಗೆ ಸಿಕ್ಕ ಅದನ್ನೇ ಹಾಕಿದರು. ಎದುರು ಜಗಲಿಯಲ್ಲಿ ಮೇಷ್ಟ್ರ ಕೈ ನಿಂತಿತು. ಹುಣಸೆಹಣ್ಣಿನ ಕೈಯಲ್ಲೇ ಬೀದಿ ದಾಟಿ ಬಂದು ಅಂಗಡಿಯ ಹೊಸ್ತಿಲಲ್ಲಿ ನಿಂತರು. ರೆಕಾರ್ಡಿನ ಒಂದು ಮಗ್ಗುಲು ಮುಗಿಯುವ ತನಕ ಅವರು ಅಲುಗಲಿಲ್ಲ. ಮುಗಿದ ಮೇಲೆ ಕೇಳಿದ್ದು ಒಂದೇ ಮಾತು.

"ಇದು ಎಷ್ಟು ಜನ ಅಣ್ಣ?"

ರೆಕಾರ್ಡಿನ ರಟ್ಟಿನ ಮೇಲೆ ಚಿತ್ರವಿತ್ತು. ಕಪ್ಪು ಕೋಟಿನ ಐವತ್ತು ಅರವತ್ತು ಜನ ಕುರ್ಚಿಗಳ ಮೇಲೆ ಕೂತಿದ್ದರು, ಕೈಯಲ್ಲಿ ಪಿಟೀಲು, ಕೊಳಲು, ತುತ್ತೂರಿ. ಅವರೆದುರು ನಮಗೆ ಬೆನ್ನು ಮಾಡಿ ಒಬ್ಬ ಮನುಷ್ಯ, ಕೈಯಲ್ಲಿ ಸಣ್ಣ ಕಡ್ಡಿ. ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಅವನ ಕಥೆ. ಮೇಷ್ಟ್ರು ರಟ್ಟನ್ನು ನನ್ನ ಕೈಗಿತ್ತರು. "ಏನ್ ಬರ್ದವ್ರೆ ಓದವ್ವ."

ಓದಿ ಹೇಳಿದೆ. ಚಿಕ್ಕ ಊರಿನ ಹುಡುಗ, ಮನೆಯಲ್ಲೇ ಪಿಯಾನೋ ಕಲಿತವನು. ಹರೆಯದಲ್ಲಿ ಜನ ಕುಣಿಯುವ ಕಡೆಗಳಲ್ಲೆಲ್ಲ ಸಣ್ಣ ಬ್ಯಾಂಡು ಕಟ್ಟಿಕೊಂಡು ಬಾರಿಸಿದನಂತೆ. ಆಮೇಲೆ ಬಹಳ ವರ್ಷ ಬೇರೆಯವರ ಹಾಡುಗಳಿಗೆ ಯಾವ ವಾದ್ಯ ಎಲ್ಲಿ ಬರಬೇಕು ಎಂದು ಹೊಂದಿಸಿ ಬರೆದುಕೊಟ್ಟನಂತೆ. ಹೆಸರು ಹಾಡಿದವರಿಗೆ ಹೋಯಿತು. ಕೊನೆಗೆ ತನ್ನದೇ ವಾದ್ಯವೃಂದ ಕಟ್ಟಿ, ಮಾತೇ ಇಲ್ಲದ ಒಂದು ರಾಗದಿಂದ ದೇಶ ದೇಶಗಳಲ್ಲಿ ಹೆಸರಾದ.

"ಅಂದ್ರೆ ಅವ್ರೂ ಮೊದ್ಲು ನಮ್ಮಂಗೇ. ಜನ ಕುಣಿಯೋಕೆ ಬಾರ್ಸ್ದೋರು."

"ಹೌದು ಮೇಷ್ಟ್ರೇ."

"ಆಮೇಲೆ ಕುರ್ಚಿ ಸಿಕ್ತು," ಎಂದು ಅವರು ಚಿತ್ರವನ್ನೇ ನೋಡುತ್ತ ನಿಂತರು.

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. ಮದುವೆ ಬ್ಯಾಂಡಿನವರು ಕೂರುವುದಿಲ್ಲ. ದಿಬ್ಬಣದ ಮುಂದೆ ನಡೆಯುತ್ತಾರೆ, ಛತ್ರದ ಬಾಗಿಲಲ್ಲಿ ನಿಲ್ಲುತ್ತಾರೆ, ಎಲ್ಲರ ಊಟವಾದ ಮೇಲೆ ನೆಲದ ಮೇಲೆ ಉಣ್ಣುತ್ತಾರೆ. ಅವರು ಬಾರಿಸುವಾಗ ಜನ ಕೂಗಾಡುತ್ತಾರೆ, ಪಟಾಕಿ ಹಚ್ಚುತ್ತಾರೆ, ಮಧ್ಯದಲ್ಲಿ ಹಾಡು ಬದಲಿಸಲು ಹೇಳುತ್ತಾರೆ. ಮೇಷ್ಟ್ರಿಗೆ ಬೇಕಾಗಿದ್ದದ್ದು ಒಂದೇ. ಅವರ ಹನ್ನೆರಡು ಜನ ಒಂದು ಸಲ ಕುರ್ಚಿಯ ಮೇಲೆ ಕೂತು ಬಾರಿಸಬೇಕು, ಎದುರಿಗೆ ಜನ ಸುಮ್ಮನೆ ಕೂತು ಕೇಳಬೇಕು.

ಅಪ್ಪ ರೆಕಾರ್ಡನ್ನೂ, ಸೆಲ್ ಹಾಕುವ ಪುಟ್ಟ ಪ್ಲೇಯರನ್ನೂ ಅವರಿಗೆ ಕೊಟ್ಟರು. ಆ ಮಳೆಗಾಲವೆಲ್ಲ ಎದುರು ಮನೆಯಿಂದ ಅದೇ ರಾಗ ಬರುತ್ತಿತ್ತು. ಐವತ್ತು ಜನರ ಸದ್ದಿನೊಳಗಿಂದ ಒಂದೊಂದೇ ಎಳೆಯನ್ನು ಅವರು ಬಿಡಿಸುತ್ತಿದ್ದ ರೀತಿ ನೋಡಿ ನನಗೆ ಮೈ ನವಿರೇಳುತ್ತಿತ್ತು. ಪ್ಲೇಯರಿನ ಮುಳ್ಳನ್ನು ಎತ್ತಿ ಎತ್ತಿ ಇಟ್ಟು, ಪಿಟೀಲುಗಳು ಮಾಡಿದ್ದನ್ನು ಬಾಯಲ್ಲಿ ಹಾಡಿ ಕ್ಲಾರಿನೆಟ್ಟಿನವನಿಗೆ ಕೊಡುವರು. ಅದರ ಕೆಳಗೆ, ನಾನು ಎಷ್ಟು ಕಿವಿಗೊಟ್ಟರೂ ಕೇಳದ ಇನ್ನೊಂದು ಎಳೆಯನ್ನು ಎತ್ತಿ ಟ್ರಂಪೆಟ್ಟಿಗೆ. ಅವರು ಹಾಡಿ ತೋರಿಸಿದ ಮೇಲೆ ಅದು ನನಗೂ ಕೇಳುತ್ತಿತ್ತು. ಹಗಲೂ ನಕ್ಷತ್ರ ಇರುತ್ತವೆ ಎಂದು ಓದಿದ್ದೆ, ಆಗ ನಂಬಿದೆ. ರೆಕಾರ್ಡಿನಲ್ಲಿ ತಂತಿ ಮೀಟಿದಂಥ ಒಂದು ತೆಳ್ಳನೆ ಸದ್ದಿತ್ತು. ಅದು ಯಾವ ವಾದ್ಯವೋ ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಮೂರು ದಿನ ಯೋಚಿಸಿ, ಗುಂಡಿ ಒತ್ತಿ ತಂತಿ ಮೀಟುವ ಬುಲ್‌ಬುಲ್ ತರಂಗ ತರಿಸಿ, ಟೈಲರ್ ಕೆಲಸದ ಹುಡುಗನೊಬ್ಬನ ಕುತ್ತಿಗೆಗೆ ತಟ್ಟೆ ತೂಗುಹಾಕಿದ ಹಾಗೆ ಹಗ್ಗದಿಂದ ಕಟ್ಟಿದರು. ಬ್ಯಾಂಡಿನವರು ಅವನನ್ನು ಕಡ್ಲೆಕಾಯಿ ಮಾರೋನು ಎಂದು ಕರೆದರು.

ಒಂದು ತಪ್ಪು ಮಾತ್ರ ನಡೆದುಹೋಗಿತ್ತು. ಪ್ಲೇಯರಿನ ಸೆಲ್ ಇಳಿದಿದ್ದವು. ರೆಕಾರ್ಡು ನಿಧಾನವಾಗಿ ಸುತ್ತುತ್ತಿತ್ತು. ಮೇಷ್ಟ್ರು ಇಡೀ ರಾಗವನ್ನು ಆ ನಿಧಾನದಲ್ಲೇ ಕಲಿತು ಕಲಿಸಿದರು. ಮೊದಲ ದಿನ ಕೇಳಿದ ವೇಗ ಯಾರಿಗೂ ನೆನಪಿರಲಿಲ್ಲ. ತಿಂಗಳುಗಳಾದ ಮೇಲೆ ಅಪ್ಪ ಅದನ್ನೇ ಅಂಗಡಿಯ ಕರೆಂಟಿನ ಪ್ಲೇಯರಿಗೆ ಹಾಕಿದಾಗ ಎಲ್ಲರೂ ಬೆಚ್ಚಿದೆವು. ರಾಗ ಕುದುರೆಯ ಹಾಗೆ ಓಡುತ್ತಿತ್ತು. ಮೇಷ್ಟ್ರು ತಲೆಯಾಡಿಸುತ್ತ ಕೇಳಿ ಹೇಳಿದರು: "ಅವ್ರು ಓಡ್ತಾ ಅವ್ರೆ. ನಾವು ನಡ್ಯೋ ಜನ. ಇರ್ಲಿ ಬುಡಿ."

ನಿಜಕ್ಕೂ ಆ ನಿಧಾನ ಮದುವೆ ದಿಬ್ಬಣದ ನಡಿಗೆಗೆ ಹೇಳಿ ಮಾಡಿಸಿದ ಹಾಗಿತ್ತು. ಸಂಜೆ ಹೊತ್ತು ಅಮಾನಿಕೆರೆಯ ಏರಿಯ ಮೇಲೆ ಎರಡು ಸಾಲಾಗಿ ನಡೆಯುತ್ತ ಅಭ್ಯಾಸ ಮಾಡುತ್ತಿದ್ದರು. ಸಿನಿಮಾ ಹಾಡುಗಳ ನಡುವೆ ಅದನ್ನು ಸೇರಿಸಿ ಹೊರಪೇಟೆಯಲ್ಲಿ, ಹುಲಿಯೂರುದುರ್ಗದಲ್ಲಿ, ಕೊತ್ತಗೆರೆಯಲ್ಲಿ ಬಾರಿಸಿದರು. ಎಲ್ಲೆಲ್ಲಿ ಎಂದು ಅವರು ಬಂದು ಹೇಳುವರು, ನಾನು ದಿನಚರಿಯಲ್ಲಿ ಬರೆದುಕೊಳ್ಳುವೆನು. ಎಲ್ಲ ಕಡೆಯೂ ಅರ್ಧಕ್ಕೇ ನಿಂತಿತು. ಯಾರಾದರೊಬ್ಬರು ಕುಣಿಯುವ ಹಾಡು ಕೇಳುತ್ತಿದ್ದರು.

ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರು ಅಪ್ಪನ ಹಳೆಯ ಗಿರಾಕಿ. ಅವರ ಮಗಳ ಮದುವೆಗೆ ಮೈಕ್ ಸೆಟ್ಟನ್ನೂ ಬ್ಯಾಂಡನ್ನೂ ಗೊತ್ತುಮಾಡಿದರು. ಮೇಷ್ಟ್ರು ಸಂಕೋಚ ಬಿಟ್ಟು ಕೇಳಿದರು. ಆರತಕ್ಷತೆಯ ಹೊತ್ತಿಗೆ ಚಪ್ಪರದೊಳಗೆ ಹನ್ನೆರಡು ಕುರ್ಚಿ, ಒಂದೇ ಒಂದು ರಾಗ, ಪೂರ್ತಿ. ವ್ಯಾಪಾರಿ ನಕ್ಕರು. "ಕುರ್ಚಿಗೇನ್ ಬರ ಮೇಷ್ಟ್ರೇ. ಕೂತ್ಕೊಂಡೇ ಬಾರ್ಸಿ."

ಆ ಸುದ್ದಿ ತಂದ ದಿನ ಡ್ರಮ್ಮಿನವನು ನಂಬಲಿಲ್ಲ. ಅವನು ಪಂಕ್ಚರ್ ಅಂಗಡಿಯವನು, ಬಾಯಿ ದೊಡ್ಡದು. "ಕುಂತ್ಕಂಡ್ ಬಾರ್ಸಕ್ಕೆ ನಾವೇನು ಮದ್ವೆ ಗಂಡುಗಳಾ?"

"ನಿನ್ ಮದ್ವೇಲೂ ನೀನು ಕುಂತಿರ್ಲಿಲ್ಲ ಕಣೋ," ಎಂದರು ಮೇಷ್ಟ್ರು. "ಡ್ರಮ್ ಸಿಕ್ತು ಅಂತ ಎದ್ದೋಗಿದ್ದೆ."

ಮದುವೆಗೆ ನಮ್ಮ ಮನೆಯವರೆಲ್ಲ ಹೋಗಿದ್ದೆವು. ದಿಬ್ಬಣ ಬಂದು ಆರತಕ್ಷತೆ ಶುರುವಾಗುವ ಹೊತ್ತಿಗೆ ಚಪ್ಪರದ ಬಲಮಗ್ಗುಲಿನಲ್ಲಿ ಕಬ್ಬಿಣದ ಮಡಚುವ ಕುರ್ಚಿಗಳನ್ನು ಎರಡು ಸಾಲಾಗಿ ಹಾಕಿದ್ದರು. ರಟ್ಟಿನ ಮೇಲಿನ ಚಿತ್ರದಲ್ಲಿ ಇದ್ದ ಹಾಗೆಯೇ ಬಾಗಿಸಿ ಹಾಕಿಸಿದ್ದರು ಮೇಷ್ಟ್ರು. ಕೆಂಪು ಕೋಟಿನ ಹನ್ನೆರಡು ಜನ ಬಂದು ಕೂತರು. ಕೂರುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವ್ಯಾಪಾರಿಯ ಅಣ್ಣ, ಶಲ್ಯದ ಯಜಮಾನರು, ಮುಂದಿನ ಸಾಲಿನಿಂದಲೇ ಗೊಣಗಿದರು: "ಬ್ಯಾಂಡ್ನೋರು ಚಪ್ರದೊಳ್ಗೆ, ಅದೂ ಕುರ್ಚಿ ಮ್ಯಾಲೆ." ಅಪ್ಪ ಹೋಗಿ ಮೈಕ್ ಸೆಟ್ ಆರಿಸಿದರು. ಮೇಷ್ಟ್ರು ಕೈ ಎತ್ತಿದರು.

ಮೊದಲ ನಾಲ್ಕು ಸುತ್ತು ಸರಿಯಾಗಿತ್ತು. ಆಮೇಲೆ ಕ್ಲಾರಿನೆಟ್ಟು ಮುಂದೆ ಹೋಯಿತು, ಟ್ರಂಪೆಟ್ಟು ಹಿಂದೆ ಉಳಿಯಿತು, ಡ್ರಮ್ಮು ಯಾರ ಜೊತೆ ಹೋಗಬೇಕೆಂದು ತಿಳಿಯದೆ ತಡವರಿಸಿತು. ಅಷ್ಟು ವರ್ಷ ಒಟ್ಟಿಗೆ ಬಾರಿಸಿದವರು ಅಪರಿಚಿತರ ಹಾಗಾದರು. ನನಗೆ ಆಗ ಹೊಳೆಯಿತು. ಅವರ ತಾಳ ಇದ್ದದ್ದು ಕಿವಿಯಲ್ಲಲ್ಲ, ಡ್ರಮ್ಮಿನಲ್ಲೂ ಅಲ್ಲ. ಕಾಲಿನಲ್ಲಿ. ಹುಟ್ಟಿದಾಗಿನಿಂದ ನಡೆಯುತ್ತಲೇ ಬಾರಿಸಿದವರನ್ನು ಕೂರಿಸಿದರೆ ತಾಳ ಎಲ್ಲಿಂದ ಬರಬೇಕು? ಏರಿಯ ಮೇಲೆ ಅಷ್ಟು ತಿಂಗಳು ಅಭ್ಯಾಸ ಮಾಡಿಸಿದ ಮೇಷ್ಟ್ರಿಗೆ ಒಂದು ದಿನವಾದರೂ ಅವರನ್ನು ಕೂರಿಸಿ ನೋಡಬೇಕೆಂದು ತೋಚಿರಲಿಲ್ಲ. ತೋಚಿದ್ದರೂ ಕುರ್ಚಿ ಇರಲಿಲ್ಲ.

ಜನ ನಗತೊಡಗಿದರು. ಶಲ್ಯದ ಯಜಮಾನರು ಕೂಗಿದರು: "ಎದ್ದೇಳ್ರಯ್ಯ, ಬಾಗ್ಲಿಗ್ ಹೋಗಿ ಯಾವ್ದಾನ ಸಿನಿಮಾ ಹಾಡು ಹೊಡೀರಿ." ಡ್ರಮ್ಮಿನವನು ಅರ್ಧ ಎದ್ದೇಬಿಟ್ಟ.

"ಕೂತ್ಕೊ," ಎಂದರು ಮೇಷ್ಟ್ರು.

ಅವರು ಬಗ್ಗಿ ಬೂಟುಗಳನ್ನು ಕಳಚಿದರು. ಬರಿಗಾಲಲ್ಲಿ ಕುರ್ಚಿಗಳ ಎದುರಿಗೆ ನಿಂತು, ಚಪ್ಪರದ ಒಂದು ಕಂಬದಿಂದ ಇನ್ನೊಂದು ಕಂಬದ ಕಡೆಗೆ ನಡೆಯಲು ಶುರುಮಾಡಿದರು. ದಿಬ್ಬಣದ ಮುಂದೆ ನಡೆಯುವ ಅದೇ ನಡಿಗೆ. ಕಂಬ ಮುಟ್ಟಿ ತಿರುಗಿ ಮತ್ತೆ ನಡೆದರು. ಕೈ ಎತ್ತಲಿಲ್ಲ. ಹನ್ನೆರಡು ಜನ ಅವರ ಪಾದಗಳನ್ನು ನೋಡಿದರು. ಕ್ಲಾರಿನೆಟ್ಟು ಮೆಲ್ಲಗೆ ಮತ್ತೆ ಎತ್ತಿಕೊಂಡಿತು. ಅದರ ಕೆಳಗೆ ಟ್ರಂಪೆಟ್ಟು, ನಡುವೆ ಆ ಟೈಲರ್ ಹುಡುಗನ ತೊಡೆಯ ಮೇಲೆ ಬುಲ್‌ಬುಲ್ಲಿನ ತೆಳ್ಳನೆ ತಂತಿ... ಡ್ರಮ್ಮು ಆ ಹೆಜ್ಜೆಗಳ ಮೇಲೆಯೇ ಬಿತ್ತು.

ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಬಡಿಸುವವರು ಅನ್ನದ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತರು. ಮದುಮಗಳು ಹಾರದೊಳಗಿಂದ ಕತ್ತು ಹೊರಳಿಸಿ ನೋಡಿದಳು. ನಾನು ಆವರೆಗೆ ಕೇಳಿದ ಸಂಗೀತವೆಲ್ಲ ಎಲ್ಲಿಂದಲೋ ಬಂದದ್ದು. ಇದು ನನ್ನ ಕಣ್ಣೆದುರಿಗೇ ಒಬ್ಬ ಮನುಷ್ಯನ ಅಂಗಾಲಿನಿಂದ ಏಳುತ್ತಿತ್ತು. ರಾಗ ಮುಗಿದಾಗ ಮೇಷ್ಟ್ರು ಅರ್ಧ ದಾರಿಯಲ್ಲಿದ್ದರು. ಅಲ್ಲೇ ನಿಂತರು. ಆಗ ಚಪ್ಪಾಳೆ ಬಂತು. ಶಲ್ಯದ ಯಜಮಾನರು ಎದ್ದು ಬಂದು, ಕೆಳಗೆ ಬಿದ್ದಿದ್ದ ಬೂಟುಗಳನ್ನು ನೋಡಿ, "ಹಾಕ್ಕೊಳ್ಳಿ ಮೇಷ್ಟ್ರೇ, ನೆಲ ತಣ್ಣಗದೆ," ಎಂದರು. ಅಂದು ಬ್ಯಾಂಡಿನವರಿಗೆ ಮೊದಲನೇ ಪಂಕ್ತಿಯಲ್ಲಿ ಎಲೆ ಹಾಕಿದರು.

ಆಮೇಲೆ ಇನ್ನೊಂದು ಸಲ ಕುರ್ಚಿ ಸಿಗಲಿಲ್ಲ. ಕೇಳಿದರೆ ಮೇಷ್ಟ್ರು, "ಒಂದ್ ಸಲ ಆಯ್ತಲ್ಲವ್ವ," ಎನ್ನುತ್ತಿದ್ದರು. ಅಪ್ಪ ಬೆಂಗಳೂರಿಗೆ ಹೋದಾಗಲೆಲ್ಲ ಆ ಫ್ರಾನ್ಸಿನವರ ರೆಕಾರ್ಡು ಹುಡುಕುತ್ತಿದ್ದರು. ಒಟ್ಟು ಐದು ಸಿಕ್ಕವು. ಒಂದೊಂದು ರಟ್ಟಿನಲ್ಲೂ ಆ ಮನುಷ್ಯನ ಕೂದಲು ಇನ್ನಷ್ಟು ಬೆಳ್ಳಗಾಗಿರುತ್ತಿತ್ತು, ಸುತ್ತಿಬಂದ ದೇಶಗಳ ಪಟ್ಟಿ ಇನ್ನಷ್ಟು ಉದ್ದವಾಗಿರುತ್ತಿತ್ತು. ಐದನೆಯದರಲ್ಲಿ ಪಿಟೀಲುಗಳು ಕಡಿಮೆಯಾಗಿ ಕರೆಂಟಿನ ಕೀಬೋರ್ಡು ಬಂದಿತ್ತು. ಮೇಷ್ಟ್ರು ಪೂರ್ತಿ ಕೇಳಿ ರಟ್ಟನ್ನು ತಿರುಗಿಸಿ ಇಟ್ಟರು. "ಅವ್ರ ಮನೇಗೂ ಬಂತು," ಎಂದರು. ಅಷ್ಟರಲ್ಲಿ ತುಮಕೂರಿನ ಮದುವೆಗಳಿಗೂ ಕೀಬೋರ್ಡಿನ ಆರ್ಕೆಸ್ಟ್ರಾ ಬಂದು, ಅಪ್ಪನ ಮೈಕ್ ಸೆಟ್ಟೂ ಮೂಲೆ ಸೇರಿತ್ತು.

ಎರಡು ವರ್ಷದ ಹಿಂದೆ, ನಾನು ರಜೆಗೆಂದು ಊರಿಗೆ ಹೋಗಿದ್ದಾಗ ಮೇಷ್ಟ್ರು ತೀರಿಕೊಂಡರು. ಅಪ್ಪ ಅಂಗಡಿಯ ಬಾಗಿಲು ಎಳೆದು ಮೆಟ್ಟಿಲ ಮೇಲೆ ನಿಂತರು. ಡ್ರಮ್ಮಿನವನು, ಕ್ಲಾರಿನೆಟ್ಟಿನವನು, ಈಗ ಮಧ್ಯವಯಸ್ಸಿನವನಾದ ಆ ಟೈಲರ್, ಎಲ್ಲರೂ ಭುಜ ಬದಲಿಸುತ್ತ ಮೇಷ್ಟ್ರನ್ನು ಹೊತ್ತು ನಡೆದರು. ಕೈಯಲ್ಲಿ ವಾದ್ಯವಿಲ್ಲದೆ ಅವರು ಒಟ್ಟಿಗೆ ನಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಮ್ಮ ಬೀದಿ ದಾಟುವ ತನಕ ಒಬ್ಬರ ಹೆಜ್ಜೆಯೂ ತಪ್ಪಲಿಲ್ಲ.

ಭಾನುವಾರ ಸಂಜೆ ಮನೆಯೊಡತಿ ಟೀವಿ ನೋಡಲು ಕರೆದರು. ಸಿನಿಮಾ ನಡುವೆ ಪ್ರಸಾರ ಕಡಿದು, ತಡೆಗಾಗಿ ಕ್ಷಮಿಸಿ ಎಂಬ ಫಲಕ ಬಂತು. ಅದರ ಹಿಂದೆ ಆ ರಾಗ. ಅದೇ ಪಿಟೀಲು, ಅದೇ ತೆಳ್ಳನೆ ತಂತಿ, ಓಡುತ್ತ ಓಡುತ್ತ. ಕೂತಿದ್ದವರೆಲ್ಲ ಮಾತಿಗೆ ಶುರುಮಾಡಿದರು, ಯಾರೋ ನೀರು ಕುಡಿಯಲು ಎದ್ದರು. ನಾನು ಚಾಪೆಯ ಮೇಲೆ ಸುಮ್ಮನೆ ಕೂತು ಕೇಳಿದೆ. ಎಲ್ಲವೂ ಸರಿಯಾಗಿಯೇ ಇತ್ತು. ಆದರೂ ನನ್ನ ಕಾಲಿನ ಹೆಬ್ಬೆರಳು ಅದಕ್ಕಿಂತ ಬಹಳ ನಿಧಾನವಾಗಿ ಚಾಪೆಯನ್ನು ತಟ್ಟುತ್ತಿತ್ತು. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ...