ಪರದೆಯ ಪನ್ನಾ

“ಇಕಿ ನನ್ನ ಮಗಳಲ್ರೀ! ಪನ್ನಾ ಕಡಿಮಿ ಆಗೇತಿ!”

ಇಳಕಲ್ಲಿನ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ, ಸೀರೆ ನೇಯುವ ಆ ತಾಯಿ ಚೀರಿದಾಗ ಬೆಚ್ಚಿಬಿದ್ದೆ. ಪನ್ನಾ ಎಂದರೆ ಬಟ್ಟೆಯ ಅಗಲ, ಮಗ್ಗದವರ ಮಾತು. ಅವರು ತೀರಿಹೋದ ಮಗಳ ಲ್ಯಾಪ್‌ಟಾಪ್ ತಂದಿದ್ದರು. ವರ್ಷದ ಹಿಂದೆ ಯಾರೋ ಅದಕ್ಕೆ ಹೊಸದಾಗಿ ವಿಂಡೋಸ್ ಹಾಕಿ, ಪರದೆಯ ಮೇಲೆ ಚಿತ್ರ ಸರಿಯಾಗಿ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ಹಾಕದೆ ಬಿಟ್ಟಿದ್ದರು. ಪರದೆ ತುಂಬ ಗೆರೆ. ಚಿತ್ರಗಳೆಲ್ಲ ಅಡ್ಡಕ್ಕೆ ಹಿಗ್ಗಿದ್ದವು. ಸರಿಯಾದ ಡ್ರೈವರ್ ಹಾಕಿದೆ. ಗೆರೆಗಳು ಹೋದವು. ಅವುಗಳ ಜೊತೆಗೇ ಪರದೆಯ ಮೇಲೆ ಫೋಟೊದಲ್ಲಿದ್ದ ಆ ಮಗಳ ದುಂಡನೆಯ ಮುಖವೂ ಹೋಗಿ, ಗಲ್ಲ ಬತ್ತಿದ, ಕಣ್ಣು ಗುಳಿಬಿದ್ದ ಮುಖ ಬಂತು.

“ಫೋಟೊ ಇರೋದ ಹಿಂಗ್ರೀ ಅವ್ವಾರ,” ಎಂದೆ.

“ಗೊತ್ತೈತ್ರಿ. ಹಾಸಿಗಿ ಹಿಡದಾಗ ತಗದದ್ದು. ಆದ್ರ ವರ್ಷಾತು, ಇದರಾಗ ಮೈಕೈ ತುಂಬಿಕೊಂಡು ಕುಂತಿದ್ಲು. ಮೊದಲಿನಂಗ ಮಾಡಿಕೊಡ್ರಿ.”

ಡ್ರೈವರ್ ಹಾಗೇ ಬಿಟ್ಟು, ಪರದೆಯ ಅಳತೆಯನ್ನು ಬೇಕೆಂದೇ ಕೆಡಿಸಿದೆ. ಮುಖ ತುಂಬಿಕೊಂಡಿತು. ಅವರು ಸೆರಗಿನಿಂದ ಪರದೆ ಒರೆಸಿ, ಲ್ಯಾಪ್‌ಟಾಪ್ ಮುಚ್ಚಿ, ಎದೆಗವಚಿಕೊಂಡು ಹೋದರು.

ಈಗ ಯಾರ ಲ್ಯಾಪ್‌ಟಾಪ್ ಸರಿಮಾಡಿದರೂ ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಮೊದಲು ನಾನೊಬ್ಬನೇ ನೋಡುತ್ತೇನೆ.