ವಾಲ್ವಿನ ಮೇಲಿನ ಕೈ

ಬೀದಿಯವರು ಅವಳಿಗೆ ಪಾದರಸದಕ್ಕ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮಹಾತಾಯಿ, ಕೂತಲ್ಲಿ ಕೂರುವವಳಲ್ಲ. ಮದುವೆಯಾದ ವರ್ಷವೇ ಗಂಡನ ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ನುಗ್ಗಿ ಆಕ್ಸಿಜನ್ ಸಿಲಿಂಡರಿನ ಪಕ್ಕ ನಿಂತುಬಿಟ್ಟಳು. ಉರಿ ಸಪ್ಪೆಯಾದರೆ ಅವನು ತಲೆಯೆತ್ತುತ್ತಿರಲಿಲ್ಲ. ಹೆಬ್ಬೆರಳು ಒಮ್ಮೆ ತಿರುವಿದರೆ ಸಾಕು, ಇವಳು ವಾಲ್ವ್ ಇನ್ನಷ್ಟು ತೆರೆಯುತ್ತಿದ್ದಳು. ಗಂಡಹೆಂಡಿರ ಮುಕ್ಕಾಲು ಮಾತು ಆ ಬೆರಳಲ್ಲೇ ಮುಗಿಯುತ್ತದೆ ಎಂದು ಗಿರಾಕಿಗಳು ನಗುತ್ತಿದ್ದರು.

ಹೊಗೆ, ಬೀಡಿ ಎರಡೂ ಸೇರಿ ಅವನ ಶ್ವಾಸಕೋಶವನ್ನು ತಿಂದುಹಾಕಿದವು. ಅಂಗಡಿ ಮುಚ್ಚಿತು, ಅವನ ಉಸಿರಿಗೆಂದು ಮನೆಗೆ ಬೇರೆ ಆಕ್ಸಿಜನ್ ಸಿಲಿಂಡರ್ ಬಂತು. ಡಾಕ್ಟರು ವಾಲ್ವಿನ ಮೇಲೆ ಒಂದು ಗುರುತು ತೋರಿಸಿ, ಇದನ್ನು ದಾಟಬೇಡಿ ಎಂದು ಹೇಳಿಯೇ ಹೋಗಿದ್ದರು. ಆದರೆ ಕಣ್ಣೆದುರು ಗಂಡ ತೇಕುತ್ತಿದ್ದರೆ ಅವಳಿಗೆ ಕೈಕಾಲು ನಿಲ್ಲುತ್ತಿರಲಿಲ್ಲ. ಅಡುಗೆಮನೆಗೆ ಹೋಗುವಳು, ಬರುವಳು, ದಿಂಬು ಸರಿಮಾಡುವಳು, ಸರಿಯಿದ್ದದ್ದನ್ನೇ ಮತ್ತೆ ಸರಿಮಾಡುವಳು.

ಒಂದು ಮಧ್ಯಾಹ್ನ ಅವನ ಹೆಬ್ಬೆರಳು ತಿರುಗಿತು. ತಿರುಗಿದ್ದೇ ತಡ, ಇವಳ ಕೈ ವಾಲ್ವಿಗೆ ಹೋಯಿತು. ಗುರುತೂ ಮರೆತುಹೋಯಿತು, ಡಾಕ್ಟರ ಮಾತೂ ಮರೆತುಹೋಯಿತು. ತೇಕು ಇಳಿಯಿತು, ಮುಖಕ್ಕೆ ಕೆಂಪೇರಿತು, ಕಣ್ಣು ಮುಚ್ಚಿತು. ಅಂತೂ ನಿದ್ದೆ ಹತ್ತಿತಲ್ಲ ಎಂದು ಅವಳಿಗೆ ಹಿಗ್ಗೋ ಹಿಗ್ಗು.

ಸಂಜೆ ನೋಡಿಹೋಗಲು ಬಂದ ನರ್ಸ್ ಅವನನ್ನು ಅಲುಗಾಡಿಸಿದಳು. ಏನೋ ಗೊಣಗಿದನೇ ಹೊರತು ಕಣ್ಣು ಬಿಡಲಿಲ್ಲ. ನರ್ಸ್ ವಾಲ್ವ್ ನೋಡಿದವಳೇ ಅದನ್ನು ಗುರುತಿಗೆ ಇಳಿಸಿ, ಆಂಬುಲೆನ್ಸಿಗೆ ಫೋನ್ ಮಾಡಿದಳು. ಇವಳೂ ಜೊತೆಗೆ ಹತ್ತಿದಳು.

"ನಾವು ಹೊರಗೆ ಬಿಡೋ ಗಾಳಿ ಇದ್ಯಲ್ಲಮ್ಮ, ಅದು ರಕ್ತದಲ್ಲಿ ಹೆಚ್ಚಾದ್ರೆ ಮೆದುಳು ಉಸಿರಾಡು ಅಂತ ತಿವಿಯುತ್ತೆ," ಎಂದಳು ನರ್ಸ್, ಆಂಬುಲೆನ್ಸಿನಲ್ಲಿ ಅವನ ಕೆನ್ನೆ ತಟ್ಟುತ್ತ. "ಇವ್ರಿಗೆ ವರ್ಷಗಟ್ಟಲೆ ಅದು ಹೆಚ್ಚೇ ಇದ್ದು, ಮೆದುಳು ಒಗ್ಗಿಹೋಗಿದೆ. ಈಗ ಆಕ್ಸಿಜನ್ ಸ್ವಲ್ಪ ಕಮ್ಮಿ ಇದ್ರೇನೇ ಅದಕ್ಕೆ ಎಚ್ಚರ. ಜಾಸ್ತಿ ಕೊಟ್ರೆ ಉಸಿರಾಟನೇ ಮಂದ ಆಗುತ್ತೆ."

ಅತಿಯಾದರೆ ಅಮೃತವೂ ವಿಷ ಎಂದು ಬೀದಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಅವಳೇ. ಕೈಯಾರೆ ಕೊಲ್ಲುತ್ತಿದ್ದೆನಲ್ಲ ಎಂದು ಒಳಗೇ ಬೆಂದುಹೋದಳು.

ಆಸ್ಪತ್ರೆಯಲ್ಲಿ ಬಿಗಿಯಾದ ಮಾಸ್ಕಿನ ಯಂತ್ರ ಉಸಿರು ನೂಕಿ ನೂಕಿ ಅವನನ್ನು ಉಳಿಸಿತು. ಮನೆಗೆ ಬಂದ ಮಾರನೇ ದಿನವೇ ಮತ್ತೆ ತೇಕು.

"ಏ ಇವಳೇ, ಒಂಚೂರು ಜಾಸ್ತಿ ಬಿಡೇ."

"ಇಲ್ಲ ರೀ. ಬಿಡಲ್ಲ."

ಅವನು ಗೋಗರೆದ, ಆಮೇಲೆ ಮುಖ ತಿರುಗಿಸಿದ. ಅವಳು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ತೇಕು ತಗ್ಗಿ ಅವನು ನಿಜವಾಗಿಯೇ ನಿದ್ದೆ ಹೋದ. ಅಂದೂ ಹೀಗೇ ಮಲಗಿದ್ದನಲ್ಲ ಎಂದು ಆ ಸದ್ದಿಲ್ಲದ ಕೋಣೆಯನ್ನು ಅವಳಿಗೆ ತಡೆಯಲಾಗಲಿಲ್ಲ. ಭುಜ ಹಿಡಿದು ಅಲುಗಾಡಿಸಿಯೇಬಿಟ್ಟಳು.

"ಗಾಳಿನೂ ಕೊಡಲ್ಲ, ನಿದ್ದೆನೂ ಕೊಡಲ್ಲ, ಏನ್ ಹೆಂಗಸೇ ನೀನು!" ಎಂದು ಅವನು ಏದುಸಿರು ಬಿಡುತ್ತ ಬೈಯತೊಡಗಿದ.

ಬೈಯಲಿ ಎಂದು ಅವಳು ಕಣ್ಣೊರೆಸಿಕೊಂಡಳು.