ವೈನಿಯ ಮಿಕ್ಸರು ಮತ್ತು ನಾನು ಗೆದ್ದ ಚರ್ಚೆ

ಒಂದು ವಾದವನ್ನು ಪೂರ್ತಿಯಾಗಿ ಗೆದ್ದು, ಗೆದ್ದ ಎರಡೇ ದಿನಕ್ಕೆ ಅಂಗಡಿಯೊಂದರ ನಡುವೆ ನಿಂತು ಆ ಗೆಲುವಿಗಾಗಿ ನಾಚಿಕೊಂಡ ಅನುಭವ ನಿಮಗಿದೆಯೆ? ನನಗಿದೆ. ಆ ನಾಚಿಕೆಯಿಂದ ನನಗೆ ಒಳ್ಳೆಯದೇ ಆಯಿತು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಮನೆಯಲ್ಲಿ ನಾವು ನಾಲ್ವರು: ಅವ್ವ, ಅಣ್ಣ, ಅಣ್ಣನ ಹೆಂಡತಿಯಾದ ವೈನಿ ಮತ್ತು ನಾನು. ಅಣ್ಣನದು ಕಾಳಿನ ವ್ಯಾಪಾರ. ವೈನಿ ಸರಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ನಾನು ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ಊರೂರು ತಿರುಗಿ ಚರ್ಚಾಸ್ಪರ್ಧೆಗಳಲ್ಲಿ ಮಾತನಾಡಿದವನು ನಾನು. ಜನ ಕೂಗಾಡುವುದನ್ನು ಬಿಟ್ಟು ಸರದಿಯಂತೆ ವಾದಿಸಲು ಕಲಿತರೆ ಮನೆಯೂ ಊರೂ ಸುಧಾರಿಸುತ್ತವೆ ಎಂಬ ನಂಬಿಕೆ ಆಗಲೇ ಬೇರೂರಿತು, ಇಂದಿಗೂ ಹೋಗಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ನಾನೇ ಒಂದು ಪದ್ಧತಿಯನ್ನು ಹಾಕಿಕೊಟ್ಟಿದ್ದೆ. ಯಾವುದೇ ದೊಡ್ಡ ವಸ್ತು ಮನೆಗೆ ಬರುವ ಮುನ್ನ, ಭಾನುವಾರ ಬೆಳಗಿನ ಉಪ್ಪಿಟ್ಟು ಮುಗಿದ ಮೇಲೆ, ಪಡಸಾಲೆಯಲ್ಲಿ ಅದರ ಕುರಿತು ಚರ್ಚೆ ನಡೆಯಬೇಕು. ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು, ತಲಾ ಏಳು ನಿಮಿಷ. ಅವ್ವ ತೀರ್ಪುಗಾರ್ತಿ. ವೈನಿ ಕೈಗಡಿಯಾರ ನೋಡಿಕೊಂಡು ಗಂಟೆ ಬಾರಿಸುವವರು. ನಮ್ಮ ಫ್ರಿಜ್ಜು, ಮಾಳಿಗೆಯ ಮೇಲಿನ ಸೋಲಾರ್ ಹೀಟರು, ಅಣ್ಣನ ಎರಡನೆಯ ಸ್ಕೂಟರು, ಎಲ್ಲವೂ ಹೀಗೆ ವಾದ-ಪ್ರತಿವಾದ ದಾಟಿಯೇ ಒಳಗೆ ಬಂದಿವೆ.

ಈ ಪದ್ಧತಿಯ ಮುಂದೆ ಡಿಜೆ ಮಿಕ್ಸರಿನ ವಿಷಯ ಬಂದದ್ದು ವೈನಿಯಿಂದ. ಉಣಕಲ್ಲಿನಲ್ಲಿರುವ ಅವರ ಅಕ್ಕನ ಮಗಳು ಏಳು ತಿಂಗಳ ಬಸುರಿ. ಕುಬಸಕ್ಕೆ, ಅಂದರೆ ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸುವ ಆ ಶುಭಕಾರ್ಯಕ್ಕೆ, ಮೂರು ವಾರ ಉಳಿದಿತ್ತು. ಹತ್ತಿ ವ್ಯಾಪಾರಿಯಾದ ಆಕೆಯ ತಂದೆ ಗಬ್ಬೂರಿನಿಂದ ಡಿಜೆ ಗಾಡಿ ತರಿಸುವವರಿದ್ದರು. ಎರಡು ಓಣಿಗಳಾಚೆಯ ಕಿಟಕಿಗಳನ್ನೂ ನಡುಗಿಸುವಂಥ ಗಾಡಿ ಅದು. ಹುಡುಗಿಗೆ ಬಸುರಾದಾಗಿನಿಂದ ಜೋರು ಸದ್ದು ಕೇಳಿದರೆ ತಲೆ ಸಿಡಿಯುತ್ತಿತ್ತು. ತನ್ನ ಕುಬಸದಲ್ಲಿ ತಾನೇ ಕಿವಿ ಮುಚ್ಚಿಕೊಂಡು ಕೂರಬೇಕಾಗುತ್ತದೆ ಎಂದು ಅವಳು ಚಿಕ್ಕಮ್ಮನ ಮುಂದೆ ಅತ್ತಿದ್ದಳಂತೆ. ಹಾಡಿನ ಹೊಣೆಯನ್ನು ನನಗೆ ಬಿಡಿ ಎಂದು ವೈನಿ ಹೇಳಿಬಂದಿದ್ದರು. ತಂದೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಮೊದಲ ಅರ್ಧ ತಾಸಿನಲ್ಲಿ ಕಾರ್ಯಕ್ರಮ ಸಪ್ಪಗೆ ಕಂಡರೆ ಗಾಡಿ ಬರುತ್ತದೆ.

ವೈನಿಗೆ ಇದೇನೂ ಹಠಾತ್ತನೆ ಹುಟ್ಟಿದ ಹುಚ್ಚಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಒಂದು ವರ್ಷದಿಂದ ಅವರು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಲೇ, ಹೆಡ್‌ಫೋನ್ ಹಾಕಿಕೊಂಡು, ಹಾಡುಗಳನ್ನು ಒಂದರೊಳಗೊಂದು ಬೆಸೆಯುವ ಪಾಠಗಳನ್ನು ಫೋನಿನಲ್ಲಿ ನೋಡುತ್ತಿದ್ದರು. ಮನೆಯಲ್ಲೇ ಅಭ್ಯಾಸ ಮಾಡಲು ಹೊಸಬರಿಗೆ ತಕ್ಕ ಒಂದು ಮಿಕ್ಸರ್ ಬೇಕು ಎಂದು ಶನಿವಾರ ರಾತ್ರಿ ಊಟದ ಹೊತ್ತಿಗೆ ಹೇಳಿದರು. ನಾನು ಉತ್ಸಾಹದಿಂದ ಮರುದಿನದ ಚರ್ಚೆಗೆ ‘ಯಾವ ಮಿಕ್ಸರ್ ತರಬೇಕು’ ಎಂದು ವಿಷಯ ಬರೆದು ಗೋಡೆಗೆ ಅಂಟಿಸಿದೆ.

ಅಣ್ಣ ಲ್ಯಾಪ್‌ಟಾಪಿಗೆ ಜೋಡಿಸುವ, ಎಲ್ಲವೂ ಒಂದರಲ್ಲೇ ಇರುವ ಯಂತ್ರದ ಪರವಾಗಿ ಮಾತನಾಡಿದ. ನಾನು ನಾಲ್ಕು ಚಾನೆಲ್ಲಿನ ದೊಡ್ಡ ಮಿಕ್ಸರಿನ ಪರ ನಿಂತೆ. ಚಾನೆಲ್ ಎಂದರೆ ಹಾಡು ಒಳಗೆ ಬರುವ ದಾರಿ. ಹೆಚ್ಚು ದಾರಿಗಳಿದ್ದರೆ ಕಲಿಯುವವರು ಬೆಳೆದಂತೆಲ್ಲ ಯಂತ್ರವೂ ಸಾಲುತ್ತದೆ ಎಂದೆ. ಹೆಣ್ಣುಮಕ್ಕಳ ಕೈಗೆ ನಾವು ಯಾವಾಗಲೂ ಚಿಕ್ಕದನ್ನು, ಸುಲಭವಾದದ್ದನ್ನು, ಇಷ್ಟು ಸಾಕು ಎಂಬಂಥದ್ದನ್ನೇ ಕೊಡುತ್ತೇವೆ, ಈ ಮನೆಯಲ್ಲಾದರೂ ಆ ಅನ್ಯಾಯ ನಿಲ್ಲಲಿ ಎಂದು ಮುಗಿಸಿದೆ. ಆ ಮಾತನ್ನು ನಾನು ನಂಬಿಯೇ ಆಡಿದ್ದೆ. ಈಗಲೂ ಅದರಲ್ಲಿ ತಪ್ಪು ಕಾಣುವುದಿಲ್ಲ. ವೈನಿ ಏಳನೆಯ ನಿಮಿಷಕ್ಕೆ ಸರಿಯಾಗಿ ಗಂಟೆ ಬಾರಿಸಿದರು.

ಅವ್ವ ತೀರ್ಪು ಕೊಟ್ಟಳು. "ಸಣ್ಣಾವ ಗೆದ್ದಾನ. ಭಾಳ ಛಲೋ ಮಾತಾಡಿದ. ಆ ಯಂತ್ರ ಏನ್ ಮಾಡತೈತಿ ಅನ್ನೂದಷ್ಟ ನನಗ ತಿಳೀಲಿಲ್ಲ."

ನಾವೆಲ್ಲ ನಕ್ಕೆವು. ಅವಳ ಮಾತಿನ ಎರಡನೆಯ ಭಾಗವನ್ನು ನಾನು ತೀರ್ಪಿನಲ್ಲಿ ಸೇರಿಸಿಕೊಳ್ಳಲಿಲ್ಲ.

ಮಂಗಳವಾರ ಶಾಲೆ ಬಿಟ್ಟ ಮೇಲೆ ಅಣ್ಣ, ವೈನಿ, ನಾನು ಮೂವರೂ ಹುಬ್ಬಳ್ಳಿಯ ಪೇಟೆಗೆ ಹೋದೆವು. ಕೊಪ್ಪೀಕರ ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಧ್ವನಿ ಸಾಮಗ್ರಿಗಳ ಒಂದು ಕಿರಿದಾದ ಅಂಗಡಿ. ಅಂಗಡಿಯವರು ಹಿರಿಯರು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಯಾವುದೋ ಆಂಪ್ಲಿಫೈಯರಿನ ಹೊಟ್ಟೆ ಬಿಚ್ಚಿ ಕೂತಿದ್ದರು. ನಾನು ನಾಲ್ಕು ಚಾನೆಲ್ಲಿನದನ್ನು ಕೇಳಿದೆ. ಅವರು ಗಾಜಿನ ಕಪಾಟಿನಿಂದ ಅದನ್ನು ಎರಡು ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟರು. ಗುಂಡಿಗಳೇ ಗುಂಡಿಗಳು. ನೋಡುವುದಕ್ಕೆ ಭವ್ಯವಾಗಿತ್ತು. ಅಂಗಡಿಯವರು ಅದರ ಬಲವನ್ನು ನನಗೂ ಅಣ್ಣನಿಗೂ ಬಣ್ಣಿಸತೊಡಗಿದರು. ನಾವಿಬ್ಬರೂ ತಿಳಿದವರಂತೆ ತಲೆಯಾಡಿಸುತ್ತಿದ್ದೆವು.

ಅಷ್ಟರಲ್ಲಿ ವೈನಿ ತಮ್ಮ ಶಾಲೆಯ ಚೀಲ ತೆರೆದರು. ಅದರಿಂದ ಮೊದಲು ಹೊರಬಂದದ್ದು ಅಳತೆಯ ಟೇಪು. ಮಿಕ್ಸರಿನ ಉದ್ದ, ಅಗಲ ಎರಡನ್ನೂ ಅಳೆದು, ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ ಅಳತೆಯೊಡನೆ ಹೋಲಿಸಿದರು. ಅವರು ಅಭ್ಯಾಸಕ್ಕೆ ಕೂರಬೇಕೆಂದಿದ್ದದ್ದು ಕಿಟಕಿಯ ಪಕ್ಕದ ಹೊಲಿಗೆ ಯಂತ್ರದ ಹಲಗೆಯ ಮೇಲೆ. ಮನೆಯಲ್ಲಿ ಅವರದೆಂದು ಹೇಳಬಹುದಾದ ಮೇಜು ಅದೊಂದೇ. ನನ್ನ ನಾಲ್ಕು ಚಾನೆಲ್ಲಿನದು ಆ ಹಲಗೆಗಿಂತ ಒಂದು ಗೇಣು ದೊಡ್ಡದಿತ್ತು. ಆಮೇಲೆ ಚೀಲದಿಂದ ಎರಡು ಹಳೆಯ ಫೋನುಗಳು, ಎರಡು ವೈರುಗಳು, ಒಂದು ಹೆಡ್‌ಫೋನು ಒಂದೊಂದಾಗಿ ಹೊರಬಂದವು. ಫೋನುಗಳಲ್ಲಿ ಹಾಡು ತುಂಬಿಸಿಕೊಂಡೇ ಬಂದಿದ್ದರು. ಅಂಗಡಿಯವರು ಕನ್ನಡಕವನ್ನು ಮೂಗಿನ ಮೇಲೆ ಇಳಿಸಿ, ನಮ್ಮಿಬ್ಬರನ್ನು ಬಿಟ್ಟು ಅವರ ಕಡೆ ತಿರುಗಿದರು.

ವೈನಿ ಕೇಳಿದ್ದು ಎರಡೇ ಪ್ರಶ್ನೆ. ಹೆಂಗಸರು ನಡುವೆ ತಾವೇ ಹಾಡಲು ತೊಡಗಿದರೆ ಹಾಡಿನ ಸದ್ದನ್ನು ಮುಟ್ಟದೆ ಮೈಕಿನದನ್ನಷ್ಟೇ ಏರಿಸಲು ಬೇರೆ ಗುಂಡಿ ಇದೆಯೇ ಎಂಬುದು ಒಂದು. ಇನ್ನೊಂದನ್ನು ಅವರದೇ ಮಾತಿನಲ್ಲಿ ಬರೆಯುತ್ತೇನೆ. "ಹೊರಗಿನ ದನಿ ಪೂರಾ ಬಂದ್ ಇಟ್ಟು, ಈಗ ನಡದಿದ್ದ ಹಾಡು, ಮುಂದ ಬರೂ ಹಾಡು, ಎರಡೂ ಬರೇ ನನ್ನ ಕಿವ್ಯಾಗ ಕೇಳಸ್ತಾವೇನ್ರಿ?"

ಅಂಗಡಿಯವರಿಗೆ ಖುಷಿಯಾಯಿತು. "ನಲವತ್ತು ವರ್ಷ ಆತ್ರಿ ಅಕ್ಕಾರ ಈ ಧಂದೆದಾಗ. ಬಂದವರೆಲ್ಲಾ ಎಷ್ಟು ಜೋರ ಬರತೈತಿ ಅಂತ ಕೇಳ್ತಾರ. ಎಷ್ಟು ಸಣ್ಣಗ ಬರತೈತಿ ಅಂತ ಕೇಳಿದವರು ನೀವ ಮೊದಲ."

ಎರಡು ಚಾನೆಲ್ಲಿನ ಚಿಕ್ಕ ಮಿಕ್ಸರುಗಳನ್ನು ಅವರು ಮುಂದಿಟ್ಟರು. ಒಂದರಲ್ಲಿ ಹೆಡ್‌ಫೋನಿಗೆ ಒಂದು ಸಲಕ್ಕೆ ಒಂದೇ ಹಾಡು ಬರುತ್ತಿತ್ತು. ವೈನಿ ಅದನ್ನು ಬದಿಗೆ ಸರಿಸಿದರು. ಇನ್ನೊಂದರಲ್ಲಿ ಮೈಕಿಗೇ ಬೇರೆ ಗುಂಡಿಯಿತ್ತು, ಕಿವಿಯ ಸಲುವಾಗಿ ಮತ್ತೊಂದು ಸಣ್ಣ ಗುಂಡಿಯೂ ಇತ್ತು. ಆ ಸಣ್ಣದನ್ನು ಎಡಕ್ಕೆ ತಿರುಗಿಸಿದರೆ ಮುಂದಿನ ಹಾಡು, ಬಲಕ್ಕೆ ತಿರುಗಿಸಿದರೆ ಈಗಿನದು, ನಡುವೆ ನಿಲ್ಲಿಸಿದರೆ ಎರಡೂ ಕಿವಿಗೆ ಬರುತ್ತಿದ್ದವು. ಅವರು ಫೋನುಗಳನ್ನು ಜೋಡಿಸಿ, ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿದರು. ತುಟಿಗಳು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಿದ್ದವು. ಎರಡು ನಿಮಿಷ ಅಂಗಡಿಯಲ್ಲಿ ಯಾವ ಸದ್ದೂ ಇರಲಿಲ್ಲ. ಅವರ ಬೆರಳೊಂದು ಮಾತ್ರ ಒಂದು ಗುಂಡಿಯನ್ನು ಎಡದಿಂದ ಬಲಕ್ಕೆ ಜಾರಿಸುತ್ತಿತ್ತು.

ಆದರೂ ನಾನು ಸುಮ್ಮನಿರಲಿಲ್ಲ. ನಾಲ್ಕು ಚಾನೆಲ್ಲಿನದೆಂದು ಚರ್ಚೆಯಲ್ಲಿ ತೀರ್ಮಾನವಾಗಿದೆಯಲ್ಲ ಎಂದು ನೆನಪಿಸಿದೆ.

"ಆಗೇತ್ರಿ," ಎಂದರು ವೈನಿ, ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು. "ಚರ್ಚಾ ನೀವು ಗೆದ್ದೀರಿ. ನನ್ನ ಹತ್ರ ಇರೂವು ಎರಡ ಫೋನು. ಉಳದ ಎರಡು ಚಾನೆಲ್ಲಿಗೆ ಏನ್ ಹಚ್ಚಲ್ರಿ?"

"ಮತ್ತ ಭಾನುವಾರನ ಯಾಕ ಹೇಳಲಿಲ್ರಿ?"

"ಯಾರೂ ಕೇಳಲಿಲ್ಲಲ್ರಿ. ನಿಮಿಷ ಎಣಸ್ರಿ ಅಂದ್ರಿ, ಎಣಿಸಿದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠದ ನಡುವೆ ಒಂದು ಹೆಜ್ಜೆ ಬಿಟ್ಟುಹೋಗಿದ್ದನ್ನು ತೋರಿಸಿಕೊಟ್ಟ ಹಾಗಿತ್ತು, ಅಷ್ಟೆ. ಅಣ್ಣ ಗಟ್ಟಿಯಾಗಿ ನಕ್ಕು, ಎರಡು ಚಾನೆಲ್ಲಿನ ಆ ಚಿಕ್ಕ ಮಿಕ್ಸರಿಗೇ ಹಣ ಎಣಿಸಿಕೊಟ್ಟ. ನನಗೆ ನಗು ಬಂದದ್ದು ಗೋಪನಕೊಪ್ಪಕ್ಕೆ ಮರಳುವ ದಾರಿಯಲ್ಲಿ, ಅದೂ ತಡವಾಗಿ. ಎಷ್ಟೋ ವರ್ಷ ನಾನು ಎರಡೂ ಪಕ್ಷಗಳಿಗೆ ಸಮನಾದ ಸಮಯ ಕೊಟ್ಟಿದ್ದೆ. ವಸ್ತು ಯಾರಿಗೆ ಬೇಕಾಗಿದೆಯೋ ಅವರು ಯಾವ ಪಕ್ಷದಲ್ಲೂ ಇಲ್ಲ ಎಂಬುದು ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ವೈನಿಗೆ ಮಾತು ಇಷ್ಟವಿಲ್ಲ, ಗಂಟೆ ಇಷ್ಟ ಎಂದು ನಾನೇ ನಿರ್ಧರಿಸಿಬಿಟ್ಟಿದ್ದೆ. ಹೆಣ್ಣುಮಕ್ಕಳ ಕೈಗೆ ದೊಡ್ಡ ಯಂತ್ರ ಕೊಡಬೇಕೆಂದು ಏಳು ನಿಮಿಷ ಮಾತನಾಡಿದವನು ಎದುರಿಗೇ ಕುಳಿತಿದ್ದ ಹೆಣ್ಣುಮಗಳಿಗೆ ಒಂದು ನಿಮಿಷವನ್ನೂ ಕೊಟ್ಟಿರಲಿಲ್ಲ.

ಮುಂದಿನ ಎರಡೂವರೆ ವಾರ ಹೊಲಿಗೆ ಯಂತ್ರದ ಮೇಲೆ ಅಭ್ಯಾಸ ನಡೆಯಿತು. ಈ ನಡುವೆ ಬಡಾವಣೆಯಲ್ಲಿ ನನ್ನ ಪಾಡು ಸ್ವಲ್ಪ ಕಷ್ಟದ್ದೇ ಆಗಿತ್ತು. ಧ್ವನಿವರ್ಧಕಗಳ ಹಾವಳಿಯ ವಿರುದ್ಧ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡವನು ನಾನು. ಎದುರುಮನೆಯ ಕಾಕಾ ಗೇಟಿಗೆ ಒರಗಿ ಕೇಳಿಯೇಬಿಟ್ಟರು: "ಏನ್ರಿ ಸರ, ಗದ್ಲ ಬ್ಯಾಡ ಅಂತ ನಮ್ಮ ಸಹಿ ತಗೊಂಡು, ನಿಮ್ಮನ್ಯಾಗ ಡಿಜೆ ತಂದ ಇಟ್ಟೀರಂತ?" ನಾನು ಅವರನ್ನು ಒಳಗೆ ಕರೆದೆ. ವೈನಿ ಕಿಟಕಿಯ ಬಳಿ ಕುಳಿತು ಕೈಯಾಡಿಸುತ್ತಿದ್ದರು. ಕೋಣೆಯಲ್ಲಿ ಗೋಡೆಗಡಿಯಾರದ ಸದ್ದೊಂದೇ ಇತ್ತು. ಕಾಕಾ ಹೆಡ್‌ಫೋನ್ ಹಾಕಿಸಿಕೊಂಡು ಹತ್ತು ನಿಮಿಷ ಕೂತರು, ಚಹಾ ಕುಡಿದರು, ಮರುದಿನ ತಮ್ಮ ಹೆಂಡತಿ ಕಾಕೂ ಅವರನ್ನೂ ಕರೆದುಕೊಂಡು ಬಂದರು.

ಕುಬಸ ಉಣಕಲ್ಲಿನ ಮನೆಯ ಮಾಳಿಗೆಯ ಮೇಲೆ, ಮಧ್ಯಾಹ್ನ ಊಟಕ್ಕೆ ಮುಂಚೆ. ಮಿಕ್ಸರನ್ನೂ ಎರಡು ಚಿಕ್ಕ ಸ್ಪೀಕರುಗಳನ್ನೂ ಹೊತ್ತು ಮೇಲೇರಿಸುವುದು ನನ್ನ ಪಾಲಿನ ಕೆಲಸ. ಹುಡುಗಿಯ ತಂದೆ ಸ್ಪೀಕರುಗಳನ್ನು ನೋಡಿ ನಕ್ಕು, ಇವುಗಳಿಗೆ ಇನ್ನೂ ಹಲ್ಲು ಬಂದಿಲ್ಲವಲ್ಲ ಎಂದರು. ಗಾಡಿಯವನ ನಂಬರನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ಮೆಟ್ಟಿಲ ಬಳಿ ಕುರ್ಚಿ ಹಾಕಿಕೊಂಡರು.

ಮೊದಲ ಕಾಲು ತಾಸು ನಿಜಕ್ಕೂ ಸಪ್ಪಗಿತ್ತು. ವೈನಿ ಹಾಕಿದ ಹಾಡುಗಳು ಒಂದರ ಹಿಂದೊಂದು ನವಿರಾಗಿ ಬರುತ್ತಿದ್ದವು, ಆದರೆ ಬಂದ ಹೆಂಗಸರು ತಂತಮ್ಮ ಮಾತಿನಲ್ಲಿದ್ದರು. ತಂದೆ ಎರಡು ಸಲ ಗಡಿಯಾರ ನೋಡಿದರು. ಕಾರ್ಯಕ್ರಮವನ್ನು ಹೇಗಾದರೂ ಎತ್ತಿ ನಿಲ್ಲಿಸಬೇಕೆಂದು ನಾನು ಮೈಕು ಕೈಗೆತ್ತಿಕೊಂಡು ಮಾತು ಆರಂಭಿಸಿದೆ. ಮೆಲುದನಿಯ ಮಹತ್ವ, ತಾಯಿಯ ಆರೋಗ್ಯ, ನಾಗರಿಕರ ಹೊಣೆ. ಮೂರನೆಯ ವಾಕ್ಯದಲ್ಲಿ ನನ್ನ ದನಿ ನನಗೇ ತೆಳ್ಳಗೆ ಕೇಳಿಸತೊಡಗಿತು. ನಾಲ್ಕನೆಯದರಲ್ಲಿ ಅದು ಮಾಯವಾಗಿ, ಅದರ ಜಾಗದಲ್ಲಿ ಒಂದು ಸೋಬಾನೆ ಹಾಡು ಅರಳಿತು. ತಿರುಗಿ ನೋಡಿದರೆ ವೈನಿಯ ಬೆರಳು ಮೈಕಿನ ಗುಂಡಿಯ ಮೇಲಿತ್ತು. ನನ್ನನ್ನು ನಿಲ್ಲಿಸಿದರೆಂದು ಯಾರಿಗೂ ಗೊತ್ತಾಗದಷ್ಟು ನಯವಾಗಿ ನಿಲ್ಲಿಸಿದ್ದರು. ನಾನು ಬಾಯಿ ಮುಚ್ಚಿದೆ. ಅವರು ಕಣ್ಣಲ್ಲೇ ತಮ್ಮ ಅಕ್ಕನ ಅತ್ತೆಯವರ ಕಡೆ ತೋರಿಸಿದರು. ಆ ಅಜ್ಜಿ ಆಗಲೇ ಹಾಡಿನೊಂದಿಗೆ ತುಟಿಯಾಡಿಸುತ್ತಿದ್ದರು. ನಾನು ಹೋಗಿ ಮೈಕನ್ನು ಅವರ ಕೈಗಿತ್ತೆ.

ಅಜ್ಜಿ ಹಾಡತೊಡಗಿದಾಗ ವೈನಿ ರೆಕಾರ್ಡಿನ ಹಾಡನ್ನು ಎಳೆಎಳೆಯಾಗಿ ಹಿಂದೆ ಸರಿಸಿದರು, ಕೊನೆಗೆ ಅದರ ತಾಳವೊಂದೇ ಉಳಿಯುವಂತೆ. ಪಕ್ಕದವರು ಸೊಲ್ಲು ಹಿಡಿದರು, ಅವರ ಪಕ್ಕದವರೂ ಹಿಡಿದರು, ಮಾಳಿಗೆಯ ತುಂಬ ಹೆಂಗಸರ ದನಿ. ಅಜ್ಜಿ ಒಂದು ನುಡಿ ಮರೆತು ನಿಂತಾಗ ವೈನಿ ರೆಕಾರ್ಡನ್ನು ಮತ್ತೆ ಮೇಲೆ ತಂದರು. ಅಜ್ಜಿ ನುಡಿ ನೆನಪಿಸಿಕೊಂಡಾಗ ಮತ್ತೆ ಇಳಿಸಿದರು. ಹಸಿರು ಸೀರೆಯಲ್ಲಿ ಕುಳಿತಿದ್ದ ಹುಡುಗಿ ಬಳೆ ತೊಟ್ಟ ಕೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಅವಳು ಕಿವಿ ಮುಚ್ಚಿಕೊಂಡಿರಲಿಲ್ಲ. ಹಾಡು ಮುಗಿದಾಗ, "ಚಿಕ್ಕವ್ವ, ಇದನ್ನ ಇನ್ನೊಮ್ಮೆ," ಎಂದಳು.

ಅರ್ಧ ತಾಸು ದಾಟಿ ಎಷ್ಟೋ ಹೊತ್ತಾಗಿತ್ತು. ಮೆಟ್ಟಿಲ ಬಳಿಯ ಕುರ್ಚಿ ಖಾಲಿಯಿತ್ತು. ತಂದೆ ಮಗಳ ಹಿಂದೆ ಬಂದು ನಿಂತಿದ್ದರು. ಫೋನ್ ಕಿವಿಗಿಟ್ಟು, ಹಾಡು ಕೆಡದಂತೆ ಬಾಯಿಗೆ ಕೈ ಅಡ್ಡ ಹಿಡಿದು ಮಾತನಾಡುತ್ತಿದ್ದರು: "ಬ್ಯಾಡೋ ತಮ್ಮಾ, ಇವತ್ತ ಗಾಡಿ ಬ್ಯಾಡ. ಯಾಕಂದ್ರ... ತಡಿ, ನೀನ ಕೇಳು." ಅವರು ಫೋನನ್ನು ಹಾಡುತ್ತಿದ್ದ ಹೆಂಗಸರ ಕಡೆಗೆ ಹಿಡಿದರು.

ಊಟಕ್ಕೆ ಕುಳಿತಾಗ ಅವರು, ತೊಟ್ಟಿಲ ಕಾರ್ಯಕ್ಕೂ ನೀವೇ ಬರಬೇಕು ಎಂದು ವೈನಿಗೆ ಹೇಳಿದರು. ಮಗಳು ಒಪ್ಪಿದರೆ ಬರುತ್ತೇನೆ ಎಂದರು ವೈನಿ. ತಂದೆ ಮಗಳ ಕಡೆ ತಿರುಗಿ ಅವಳನ್ನೇ ಕೇಳಿದರು. ಆ ಮನೆಯಲ್ಲಿ ಅಂಥ ಪ್ರಶ್ನೆ ಅವಳಿಗೆ ಹೊಸದಾಗಿತ್ತೆಂದು ಕಾಣುತ್ತದೆ. ಹೋಳಿಗೆಯ ತುತ್ತು ನುಂಗಿ, ಹೌದೆಂದು ತಲೆಯಾಡಿಸಿದಳು.

ಸದ್ದಿನ ವಿರುದ್ಧ ನಾನು ಬರೆದ ಅರ್ಜಿಗಳು ವ್ಯರ್ಥವಾದವೆಂದು ನಾನು ಹೇಳುವುದಿಲ್ಲ, ಇನ್ನೂ ಬರೆಯುತ್ತೇನೆ. ಆದರೆ ನಿಮ್ಮಲ್ಲಿ ನನ್ನದೊಂದು ಬೇಡಿಕೆಯಿದೆ. ನಿಮ್ಮ ಮನೆಯಲ್ಲಿ ಕುಬಸವೋ ತೊಟ್ಟಿಲೋ ಮದುವೆಯೋ ನಡೆಯಲಿದ್ದರೆ, ಡಿಜೆಯವರಿಗೆ ಮುಂಗಡ ಕೊಡುವ ಮೊದಲು, ಅದು ಯಾರ ಸಲುವಾಗಿ ನಡೆಯುತ್ತಿದೆಯೋ ಅವರ ಎದುರು ಕುಳಿತು ಕೇಳಿ: ಯಾವ ಹಾಡು ಬೇಕು, ಎಷ್ಟು ಮೆಲ್ಲಗೆ ಬೇಕು. ಕೇಳಿದ ಮೇಲೆ ಅವರು ಹೇಳಿ ಮುಗಿಸುವವರೆಗೆ ದಯವಿಟ್ಟು ಸುಮ್ಮನಿರಿ.